ಸೋತವನು ಮತ್ತೆ ಬರುವ ಮನೆ

ಪೋಕರ್ ಆಟದಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ. 7 ಜನ ತಲಾ 40 ಡಾಲರ್ ತಂದು ಒಂದು ಮೇಜಿನ ಸುತ್ತ ಕುಳಿತರೆ ರಾತ್ರಿ ಹನ್ನೊಂದೂವರೆಗೆ ಅವರು ಎದ್ದು ಚಪ್ಪಲಿ ಮೆಟ್ಟುವಾಗಲೂ ಆ ಮನೆಯಲ್ಲಿರುವುದು ಅದೇ 280 ಡಾಲರ್. ಒಬ್ಬನ ಜೇಬು ಎಷ್ಟು ತುಂಬಿರುತ್ತದೆಯೋ ಉಳಿದವರ ಜೇಬು ಒಟ್ಟಿಗೆ ಅಷ್ಟೇ ಬರಿದಾಗಿರುತ್ತದೆ, ಮತ್ತು ಬಹಳಷ್ಟು ರಾತ್ರಿಗಳಲ್ಲಿ ಗೆದ್ದವರು ಇಬ್ಬರು ಮೂವರಾದರೆ ಸೋತವರು ನಾಲ್ವರು ಐವರು. ಹೀಗಿದ್ದೂ ತಿಂಗಳಿಗೆ ಎರಡು ಸಲವೋ ವಾರಕ್ಕೊಮ್ಮೆಯೋ ಗೊತ್ತಾದ ದಿನ, ಗೊತ್ತಾದ ಮನೆಯಲ್ಲಿ, ಬಹುತೇಕ ಅದೇ ಜನ ಸೇರಿ ಆಡುವ ಪದ್ಧತಿ ಅಮೆರಿಕದಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಅಲ್ಲಿ ಇದನ್ನು ‘ಹೋಮ್ ಗೇಮ್’, ಅಂದರೆ ಮನೆಯಾಟ, ಎನ್ನುತ್ತಾರೆ. ಕ್ಯಾಸಿನೊ ಎಂಬ ವೃತ್ತಿಪರ ಜೂಜುಮನೆಗೆ ಸೋತು ಎದ್ದುಹೋದವನ ಕುರ್ಚಿಗೆ ಇನ್ನೊಬ್ಬ ಸಿಕ್ಕರೆ ಸಾಕು. ಮನೆಯಾಟ ನಡೆಸುವವನಿಗೆ ಹಾಗೆ ಯಾರೋ ಒಬ್ಬ ಸಿಕ್ಕರೆ ಸಾಲದು, ಸೋತ ಆ ಗೆಳೆಯನೇ ಮತ್ತೆ ಬರಬೇಕು. ಮೇಜು, ಬೆಳಕು, ತಿಂಡಿ, ಪಣದ ಗಾತ್ರ, ಆಟ ಮುಗಿಸುವ ಹೊತ್ತು ಇವೆಲ್ಲವನ್ನೂ ಬೇರೆ ಬೇರೆ ವಿಷಯಗಳೆಂಬಂತೆ ವಿವರಿಸುವ ರೂಢಿಯಿದ್ದರೂ, ಆತಿಥೇಯನ ಕೆಲಸವನ್ನು ಹತ್ತಿರದಿಂದ ನೋಡಿದರೆ ಅವೆಲ್ಲವೂ ಸೋಲನ್ನು ಸಹಿಸಬಲ್ಲ ಅಳತೆಗೆ ತರುವ ಉಪಾಯಗಳಾಗಿಯೇ ಕಾಣುತ್ತವೆ.

ಈ ಸಜ್ಜನಿಕೆ ಪೋಕರಿಗೆ ಹುಟ್ಟಿನಿಂದ ಬಂದದ್ದಲ್ಲ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದ ಆಸುಪಾಸಿನಲ್ಲಿ 20 ಎಲೆಗಳ ಕಟ್ಟಿನಿಂದ ಆಡುತ್ತಿದ್ದ ಈ ಆಟ ಮಿಸಿಸಿಪ್ಪಿ ನದಿಯ ಹಬೆದೋಣಿಗಳನ್ನೇರಿ ಉತ್ತರಕ್ಕೆ ಸಾಗಿತು, ದೋಣಿಗಳಲ್ಲಿ ಎಲೆಗಳಿಗೆ ಗುರುತು ಹಾಕಿ ಪ್ರಯಾಣಿಕರನ್ನು ಸುಲಿಯುವವರ ಜೀವನೋಪಾಯವಾಯಿತು, ಬಳಿಕ 52 ಎಲೆಗಳಿಗೆ ಹಿಗ್ಗಿ ಅಂತರ್ಯುದ್ಧದ ಸೈನ್ಯ ಶಿಬಿರಗಳ ಮೂಲಕ ದೇಶದ ಎಲ್ಲ ಮೂಲೆಗಳಿಗೂ ಹಬ್ಬಿತು. ಅಪರಿಚಿತರ ನಡುವೆ ಹುಟ್ಟಿದ ಆಟ ಪರಿಚಿತರ ಮನೆಯನ್ನು ಹೊಕ್ಕಾಗ ಮೊದಲು ಬೇಕಾದದ್ದು ಬರೆದಿಟ್ಟ ನಿಯಮ. 1871ರಿಂದ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ರಾಬರ್ಟ್ ಶೆಂಕ್, ಸಾಮರ್ಸೆಟ್ ಪ್ರಾಂತದ ಒಂದು ಹಳ್ಳಿಮನೆಯ ಔತಣಕೂಟದಲ್ಲಿ ಇಂಗ್ಲಿಷ್ ಗಣ್ಯರಿಗೆ ಪೋಕರ್ ಕಲಿಸಿದಾಗ, ಆ ಮನೆಯ ಒಡತಿ ನಿಯಮಗಳನ್ನು ಅವನಿಂದ ಬರೆಸಿ ತನ್ನ ಅತಿಥಿಗಳಿಗಾಗಿ ಅಚ್ಚು ಹಾಕಿಸಿದಳು. ರಾಜತಾಂತ್ರಿಕನೊಬ್ಬ ಪರದೇಶದಲ್ಲಿ ಇಸ್ಪೀಟಿನ ಗುರುವಾದದ್ದು ಸ್ವದೇಶದ ಪತ್ರಿಕೆಗಳ ಗೇಲಿಗೆ ಆಹಾರವಾಯಿತಾದರೂ, ಮನೆಯಾಟದ ಚರಿತ್ರೆಯಲ್ಲಿ ಆ ಮನೆಯೊಡತಿಗೆ ಮೊದಲ ಸಾಲಿನಲ್ಲೇ ಜಾಗ ಸಲ್ಲಬೇಕು: ಜಗಳ ಹುಟ್ಟುವ ಮೊದಲೇ ತೀರ್ಪನ್ನು ಕಾಗದದ ಮೇಲೆ ತಂದವಳು ಅವಳು.

ಆತಿಥ್ಯದ ದೃಷ್ಟಿಯಿಂದ ಇನ್ನೂ ಹೆಚ್ಚು ಕಲಿಯಬೇಕಾದದ್ದು ಅಧ್ಯಕ್ಷ ಹ್ಯಾರಿ ಟ್ರೂಮನ್‌ನಿಂದ. ಮಿಸ್ಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿ ಗೆಳೆಯರೊಡನೆ ಚಿಲ್ಲರೆ ಕಾಸಿಗೆ ಆಡುತ್ತಿದ್ದ ಟ್ರೂಮನ್, ಅಧ್ಯಕ್ಷನಾದ ಮೇಲೂ ‘ವಿಲಿಯಮ್ಸ್‌ಬರ್ಗ್’ ಎಂಬ ಸರ್ಕಾರಿ ವಿಹಾರನೌಕೆಯಲ್ಲಿ ಪೊಟೋಮ್ಯಾಕ್ ನದಿಯ ಮೇಲೆ ವಾರಾಂತ್ಯದ ಆಟಗಳನ್ನು ಏರ್ಪಡಿಸುತ್ತಿದ್ದ. ಅಲ್ಲಿ ಪ್ರತಿ ಗೆಲುವಿನ ಒಂದು ಪಾಲನ್ನು ಬೇರೆ ಬಟ್ಟಲಿಗೆ ಹಾಕುವ ಪದ್ಧತಿಯಿತ್ತು. ಕೈಲಿದ್ದದ್ದನ್ನೆಲ್ಲ ಕಳೆದುಕೊಂಡವನು ಆ ‘ಬಡತನದ ಬಟ್ಟಲಿ’ನಿಂದ, ಹಣದ ಬದಲು ಪಣಕ್ಕಿಡುವ ಬಿಲ್ಲೆಗಳನ್ನು ಪಡೆದು ಆಟ ಮುಂದುವರಿಸಬಹುದಿತ್ತು, ಹಾಗಾಗಿ ಸಂಬಳದಲ್ಲಿ ಬದುಕುವ ಅಧಿಕಾರಿಯೊಬ್ಬ ಮಂತ್ರಿಗಳ ಸರಿಸಮ ಕುಳಿತರೂ ಅವನ ನಷ್ಟಕ್ಕೆ ಒಂದು ತಳವಿತ್ತು. 1946ರ ಮಾರ್ಚ್‌ನಲ್ಲಿ ವಿನ್‌ಸ್ಟನ್ ಚರ್ಚಿಲ್ ತನ್ನ ಪ್ರಸಿದ್ಧ ಭಾಷಣಕ್ಕಾಗಿ ಫುಲ್ಟನ್ ಊರಿಗೆ ಹೊರಟಿದ್ದ ರೈಲಿನಲ್ಲಿ ಟ್ರೂಮನ್ ಬಳಗದೊಡನೆ ಪೋಕರ್ ಆಡಲು ಕುಳಿತು ಸೋಲತೊಡಗಿದಾಗ, ಅತಿಥಿಯನ್ನು ತೀರ ಸುಲಿಯಬಾರದೆಂದು ಅಧ್ಯಕ್ಷ ತನ್ನವರಿಗೆ ಸೂಚಿಸಿದನೆಂಬುದು ಅವನ ಸಹಾಯಕ ಕ್ಲಾರ್ಕ್ ಕ್ಲಿಫರ್ಡ್‌ನ ನೆನಪುಗಳಿಂದ ತಿಳಿಯುತ್ತದೆ. ಆ ಅತಿಥಿ ಕೊನೆಗೂ ಸೋತೇ ಎದ್ದ, ಆದರೆ ಮರುದಿನದ ಭಾಷಣಕ್ಕೆ ಮುಖ ಬಾಡಿಸಿಕೊಂಡು ಹೋಗುವಷ್ಟು ಸೋಲಲಿಲ್ಲ. ಬೇಕೆಂದೇ ಸೋತು ಅತಿಥಿಯನ್ನು ಗೆಲ್ಲಿಸುವುದು ಮಕ್ಕಳೊಡನೆ ಆಡುವ ರೀತಿಯಾದ್ದರಿಂದ ಟ್ರೂಮನ್ ಆ ದಾರಿಯನ್ನೂ ಹಿಡಿಯಲಿಲ್ಲ.

ಇಂದಿನ ಮನೆಯಾಟಗಳಲ್ಲಿ ಹೆಚ್ಚಿನವು ‘ಟೆಕ್ಸಸ್ ಹೋಲ್ಡೆಮ್’ ಎಂಬ ಪ್ರಕಾರವನ್ನು ಅನುಸರಿಸುತ್ತವೆ. ಇದರಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಮುಚ್ಚಿ ಕೊಟ್ಟು, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಎಂಬಂತೆ ಬಿಚ್ಚುತ್ತಾರೆ. ನಡುನಡುವೆ ನಾಲ್ಕು ಸುತ್ತು ಪಣ ಕಟ್ಟುವುದು ನಡೆಯುತ್ತದೆ. ಕಡೆಯವರೆಗೆ ಉಳಿದವರಲ್ಲಿ ಈ ಏಳು ಎಲೆಗಳಿಂದ ಆರಿಸಿದ ಐದು ಯಾರದು ಮೇಲೋ ಅವರಿಗೆ ‘ಪಾಟ್’, ಅಂದರೆ ನಡುವೆ ಕೂಡಿದ ಒಟ್ಟು ಪಣ, ಸೇರುತ್ತದೆ. ಎಲ್ಲರೂ ಮಧ್ಯದಲ್ಲೇ ಕೈ ಬಿಟ್ಟರೆ ಉಳಿದ ಒಬ್ಬ ತನ್ನ ಎಲೆಗಳನ್ನು ತೋರಿಸದೆಯೇ ಅದನ್ನು ಬಾಚಿಕೊಳ್ಳಬಹುದು, ಮತ್ತು ಪೋಕರಿನ ಸೊಗಸೆಲ್ಲ ಇರುವುದು ಈ ಅವಕಾಶದಲ್ಲಿಯೇ. ಟೆಕ್ಸಸ್ ಶಾಸನಸಭೆ 2007ರಲ್ಲಿ ರಾಬ್ಸ್‌ಟೌನ್ ಎಂಬ ಪುಟ್ಟ ಊರನ್ನು ಈ ಆಟದ ಹುಟ್ಟೂರೆಂದು ಮಾನ್ಯ ಮಾಡಿತು. ಆದರೆ ಅದನ್ನು ಲೋಕದ ಅಡುಗೆಮನೆಗಳ ಮೇಜಿಗೆ ತಂದದ್ದು ದೂರದರ್ಶನ: ನಾಜಿ ಶಿಬಿರಗಳಿಂದ ಬದುಕಿ ಬಂದು ಅಮೆರಿಕದಲ್ಲಿ ಆಟಿಕೆಗಳ ತಯಾರಕನಾದ ಹೆನ್ರಿ ಓರೆನ್‌ಸ್ಟೀನ್, ಮುಚ್ಚಿದ ಎಲೆಗಳನ್ನು ವೀಕ್ಷಕರಿಗೆ ಮಾತ್ರ ತೋರಿಸುವ ಕ್ಯಾಮೆರಾ ಮೇಜಿಗೆ ಪೇಟೆಂಟ್ ಪಡೆದ; 2003ರಲ್ಲಿ ಟೆನೆಸಿಯ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ, ಅಂತರಜಾಲದ ಅಗ್ಗದ ಅರ್ಹತಾ ಪಂದ್ಯದಿಂದ ಮೇಲೇರಿ, 839 ಸ್ಪರ್ಧಿಗಳ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಅವನನ್ನು ಕಂಡ ಪ್ರತಿಯೊಬ್ಬ ಕಚೇರಿ ನೌಕರನಿಗೂ ತನ್ನ ಊಟದ ಮೇಜು ಸಾಲದು ಎನಿಸಿತು. ಎಂಟು ಮೂಲೆಯ ಹಸಿರು ಮೇಜುಗಳೂ ಬಿಲ್ಲೆಗಳ ಅಲ್ಯೂಮಿನಿಯಂ ಪೆಟ್ಟಿಗೆಗಳೂ ಅಂಗಡಿಗಳಲ್ಲಿ ರಾಶಿ ಬಿದ್ದವು.

ಆತಿಥೇಯ ಮೊದಲು ನಿರ್ಧರಿಸಬೇಕಾದದ್ದು ಪಣದ ಗಾತ್ರವನ್ನು, ಮತ್ತು ಉಳಿದೆಲ್ಲವೂ ತಪ್ಪಿದರೂ ಇದು ಸರಿಯಾಗಿದ್ದರೆ ಆಟ ಹೇಗೋ ನಡೆದೀತು. ಪ್ರತಿ ಹಂಚಿಕೆಯಲ್ಲೂ ಇಬ್ಬರು ತಮ್ಮ ಎಲೆಗಳನ್ನು ನೋಡುವ ಮೊದಲೇ ಕಡ್ಡಾಯವಾಗಿ ಇಡಬೇಕಾದ ಹಣಕ್ಕೆ ‘ಬ್ಲೈಂಡ್’ ಎಂದು ಹೆಸರು. ಸಣ್ಣ ಬ್ಲೈಂಡ್ 25 ಸೆಂಟ್, ದೊಡ್ಡದು 50 ಸೆಂಟ್ ಇರುವ ಮೇಜಿನಲ್ಲಿ 40 ಡಾಲರ್ ತಂದವನ ಬಳಿ 80 ದೊಡ್ಡ ಬ್ಲೈಂಡ್‌ಗಳಿರುತ್ತವೆ, ನಾಲ್ಕು ಗಂಟೆ ತಾಳ್ಮೆಯಿಂದ ಆಡಲು ಅಷ್ಟು ಧಾರಾಳ ಸಾಕು. ಪಣ ಹೆಚ್ಚಾದರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು: ಮಗುವಿನ ಶಾಲೆಯ ಶುಲ್ಕ ಮೇಜಿನ ಮೇಲೆ ಬಂದು ಕುಳಿತುಬಿಡುತ್ತದೆ. ಪಣ ತೀರ ಕಡಿಮೆಯಾದರೂ ಆಟ ಕೆಡುತ್ತದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಒಂದೊಂದು ಸೆಂಟಿಗೆ ಆಡುವಲ್ಲಿ ಯಾರೂ ಎಲೆ ಬಿಸಾಡುವುದಿಲ್ಲ, ಯಾರೂ ಬಿಸಾಡದಿದ್ದರೆ ‘ಬ್ಲಫ್’ ಎಂಬ ಹುಸಿ ಬೆದರಿಕೆಗೆ ಅರ್ಥವಿರುವುದಿಲ್ಲ, ಕೊನೆಗೆ ಉಳಿಯುವುದು ಚೀಟಿ ಎತ್ತುವ ಆಟವಷ್ಟೇ. ಗುಂಪಿನಲ್ಲಿ ಅತ್ಯಂತ ಕಡಿಮೆ ಆದಾಯವುಳ್ಳವನಿಗೆ ಒಂದು ರಾತ್ರಿಯ ಸೋಲು ಹೆಂಡತಿ ಮಕ್ಕಳೊಡನೆ ಹೋಟೆಲಿನ ಊಟಕ್ಕೆ ಹೋಗಿಬಂದಷ್ಟು ಖರ್ಚೆನಿಸಬೇಕು; ಅದಕ್ಕಿಂತ ಮೇಲೆ ಹೋದರೆ ಅವನು ಬರುವುದು ನಿಲ್ಲುತ್ತದೆ, ಕಾರಣವನ್ನು ಮಾತ್ರ ಎಂದೂ ಹೇಳುವುದಿಲ್ಲ. ಮೇಜಿನ ಮೇಲಿರುವಷ್ಟನ್ನು ಮಾತ್ರ ಆ ಹಂಚಿಕೆಯಲ್ಲಿ ಪಣಕ್ಕಿಡಬಹುದು, ನಡುವೆ ಜೇಬಿಗೆ ಕೈ ಹಾಕುವಂತಿಲ್ಲ ಎಂಬ ನಿಯಮವೂ, ಖಾಲಿಯಾದವನು ಮತ್ತೆ ಬಿಲ್ಲೆ ಕೊಳ್ಳುವ ‘ರೀಬೈ’ಯನ್ನು ಒಂದೋ ಎರಡೋ ಸಲಕ್ಕೆ ಸೀಮಿತಗೊಳಿಸುವ ಮನೆಯ ಕಟ್ಟಳೆಯೂ ನಷ್ಟಕ್ಕೆ ಇಂಥದೇ ತಳವನ್ನು ಕಟ್ಟುತ್ತವೆ.

ಬಿಲ್ಲೆಗಳ ವಿಷಯದಲ್ಲಿ ಕೈಯ ಲೆಕ್ಕ ಮುಖ್ಯ. 40 ಡಾಲರನ್ನು 25 ಸೆಂಟಿನ 16, ಒಂದು ಡಾಲರಿನ 16, ಐದು ಡಾಲರಿನ 4 ಬಿಲ್ಲೆಗಳಾಗಿ ಕೊಟ್ಟರೆ ತಲಾ 36 ಬಿಲ್ಲೆಗಳಾಗುತ್ತವೆ. ಏಳು ಜನರಿಗೆ 252 ಸಾಕಾಗುವುದರಿಂದ 500 ಬಿಲ್ಲೆಗಳ ಪೆಟ್ಟಿಗೆಯಲ್ಲಿ ಅರ್ಧದಷ್ಟು ರೀಬೈಗೆ ಉಳಿದಿರುತ್ತವೆ. ಸಣ್ಣ ಬಿಲ್ಲೆಗಳನ್ನು ಕಡಿಮೆ ಕೊಟ್ಟ ಮೇಜಿನಲ್ಲಿ ಪ್ರತಿ ಸುತ್ತಿಗೂ ಚಿಲ್ಲರೆ ಕೇಳುವ ಗಲಾಟೆ, ಹೆಚ್ಚು ಕೊಟ್ಟಲ್ಲಿ ಎಣಿಸುವ ಗಲಾಟೆ. ಎಲೆಗಳು ಪ್ಲಾಸ್ಟಿಕ್ಕಿನವಾಗಿರಬೇಕು, ಏಕೆಂದರೆ ಕಾಗದದ ಎಲೆಯ ಮೂಲೆ ಒಂದೇ ರಾತ್ರಿಯಲ್ಲಿ ಮಡಿಸಿಕೊಂಡು, ಇಸ್ಪೀಟಿನ ಎಕ್ಕ ಯಾವುದೆಂದು ಬೆನ್ನಿನಿಂದಲೇ ಗೊತ್ತಾಗುವ ಸ್ಥಿತಿಗೆ ಬರುತ್ತದೆ. ಕೆಂಪು ಬೆನ್ನಿನದೊಂದು, ನೀಲಿ ಬೆನ್ನಿನದೊಂದು ಹೀಗೆ ಎರಡು ಕಟ್ಟುಗಳಿದ್ದರೆ ಒಬ್ಬ ಒಂದನ್ನು ಹಂಚುತ್ತಿರುವಾಗ ಅವನ ಪಕ್ಕದವನು ಇನ್ನೊಂದನ್ನು ಕಲಸಿ ಮುಂದಿನವನ ಕೈಗೆ ಸಿದ್ಧವಾಗಿಡಬಹುದು. ಈ ಒಂದು ಏರ್ಪಾಟಿನಿಂದ ಗಂಟೆಗೆ ಸಿಗುವ ಹಂಚಿಕೆಗಳು ಗಣನೀಯವಾಗಿ ಹೆಚ್ಚುತ್ತವೆ. ಕಟ್ಟನ್ನು ಎರಡು ಪಾಲು ಮಾಡಿ ಅಂಚುಗಳನ್ನು ಒಂದರೊಳಗೊಂದು ಸೇರಿಸುವ ಕಲಸುವಿಕೆಯನ್ನು ಸುಮಾರು ಏಳು ಸಲ ಮಾಡಿದರೆ 52 ಎಲೆಗಳು ತಕ್ಕಮಟ್ಟಿಗೆ ಚೆನ್ನಾಗಿ ಬೆರೆಯುತ್ತವೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಮನೆಗಳಲ್ಲಿ ಎರಡು ಮೂರು ಸಲಕ್ಕೆ ತೃಪ್ತರಾಗುತ್ತಾರೆ, ಆಮೇಲೆ ತಮಗೆ ಬಂದ ಎಲೆಗಳಿಗಾಗಿ ಗ್ರಹಗತಿಯನ್ನು ಬೈಯುತ್ತಾರೆ.

ಆಹಾರದ ಬಗ್ಗೆ ಅಮೆರಿಕದ ರಂಗಭೂಮಿ ಒಂದು ಪೂರ್ಣ ಶಾಸ್ತ್ರವನ್ನೇ ಕೊಟ್ಟಿದೆ. ನೀಲ್ ಸೈಮನ್‌ನ ‘ದಿ ಆಡ್ ಕಪಲ್’ ನಾಟಕ 1965ರಲ್ಲಿ ಬ್ರಾಡ್‌ವೇಗೆ ಬಂದಾಗ ಅದರ ಬೆನ್ನೆಲುಬಾಗಿದ್ದದ್ದು ನ್ಯೂಯಾರ್ಕಿನ ಮನೆಯೊಂದರಲ್ಲಿ ಶುಕ್ರವಾರ ನಡೆಯುವ ಪೋಕರ್. ಮೊದಲ ಅಂಕದ ಆತಿಥೇಯ ಆಸ್ಕರ್ ಕೊಳಕ; ಅವನ ಫ್ರಿಜ್ ಕೆಟ್ಟಿದೆ, ಬಿಯರ್ ಬೆಚ್ಚಗಿದೆ, ಸ್ಯಾಂಡ್‌ವಿಚ್ಚುಗಳು ಯಾವ ವಯಸ್ಸಿನವೆಂದು ಬಣ್ಣ ನೋಡಿ ಊಹಿಸಬೇಕು, ಆದರೂ ಗೆಳೆಯರು ಗೊಣಗುತ್ತ ಆಡುತ್ತಲೇ ಇರುತ್ತಾರೆ. ಎರಡನೆಯ ಅಂಕದಲ್ಲಿ ಹೆಂಡತಿಯಿಂದ ಬೇರೆಯಾದ ಫೀಲಿಕ್ಸ್ ಆ ಮನೆಗೆ ಬಂದು ನೆಲೆಸಿದ ಮೇಲೆ ಲೋಟದಡಿಗೆ ಬಿಲ್ಲೆ, ಬಿಸಿ ತಿಂಡಿ, ಶುದ್ಧ ಗಾಳಿಯ ಯಂತ್ರ ಎಲ್ಲವೂ ಬರುತ್ತವೆ. ಎಲೆಗಳನ್ನೂ ಕ್ರಿಮಿನಾಶಕದಿಂದ ತೊಳೆದಿಡಲಾಗಿದೆ ಎಂಬುದು ಮೂಗಿಗೆ ಬಿದ್ದ ಗಳಿಗೆಯಲ್ಲಿ ಒಬ್ಬ ಆಟಗಾರ ಎದ್ದು ಹೊರಟೇಬಿಡುತ್ತಾನೆ. ಕೊಳಕನ್ನು ಸಹಿಸಿಕೊಂಡವರು ಉಪಚಾರವನ್ನು ಸಹಿಸಲಾರದೆ ಹೋದದ್ದು ನಗೆಯ ವಸ್ತುವಾದರೂ ಸೂಕ್ಷ್ಮವಾದ ಗ್ರಹಿಕೆ. ಆಟದ ರಾತ್ರಿ ಅತಿಥಿಗೆ ಬೇಕಾದದ್ದು ತನ್ನನ್ನು ಯಾರೂ ಗಮನಿಸುತ್ತಿಲ್ಲ ಎಂಬ ನೆಮ್ಮದಿ; ಪ್ರತಿ ಐದು ನಿಮಿಷಕ್ಕೊಮ್ಮೆ ಬಂದು ತಟ್ಟೆ ಮುಂದೊಡ್ಡುವ ಆತಿಥೇಯ, ಅದೇ ಹೊತ್ತಿಗೆ ಎದುರಾಳಿಯ ಮುಖ ಓದಲು ಹೆಣಗುತ್ತಿರುವವನ ಶತ್ರು.

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್‌ಗಳಂಥ ಊರುಗಳಲ್ಲಿ ಕನ್ನಡ ಮಾತಾಡುವ ಎಂಜಿನಿಯರುಗಳ ಮನೆಗೆ ಈ ಆಟ ಬಂದಾಗ ತಿಂಡಿಯ ಸಮಸ್ಯೆ ಬೇರೊಂದು ರೂಪ ತಾಳುತ್ತದೆ, ಏಕೆಂದರೆ ಕರ್ನಾಟಕದ ಸಂಜೆಯ ತಿನಿಸುಗಳಲ್ಲಿ ಬಹುಪಾಲು ಎಣ್ಣೆಯಲ್ಲಿ ಕರಿದವು ಅಥವಾ ಕೈಗೆ ಅಂಟುವಂಥವು. ಮಂಡಕ್ಕಿ ಒಗ್ಗರಣೆಯನ್ನು ಯಾವ ಕಾರಣಕ್ಕೂ ಮೇಜಿನ ಹತ್ತಿರ ಸೇರಿಸಬಾರದು. ಅರಿಶಿನ ಹತ್ತಿದ ಒಂದು ಕಾಳು ಬಿಲ್ಲೆಗಳ ನಡುವೆ ಸಿಕ್ಕಿಕೊಂಡರೆ ಮರುವಾರದವರೆಗೂ ಅಲ್ಲೇ ಇರುತ್ತದೆ, ಹಳದಿ ಬೆರಳಿನ ಗುರುತು ಬಿಳಿ ಅಂಚಿನ ಎಲೆಯ ಮೇಲೆ ಶಾಶ್ವತವಾಗಿ ಉಳಿದು ದೋಣಿಯ ಮೋಸಗಾರರು ಬೇಕೆಂದೇ ಮಾಡುತ್ತಿದ್ದ ಕೆಲಸವನ್ನು ತಾನಾಗಿ ಮಾಡಿಕೊಡುತ್ತದೆ. ಬೋಂಡಾ ಪ್ರತ್ಯೇಕ ಮೇಜಿನ ಮೇಲಿರಲಿ. ಕೋಡುಬಳೆ ತಕ್ಕಮಟ್ಟಿಗೆ ನಿರಪಾಯಕಾರಿ, ಹುರಿದ ಗೋಡಂಬಿ ಇನ್ನೂ ಮೇಲು. ಒಂಬತ್ತೂವರೆಗೆ ಆಟವನ್ನು ಪೂರ್ತಿ ನಿಲ್ಲಿಸಿ, ಎಲ್ಲರೂ ಎದ್ದು, ಕೈ ತೊಳೆದು, ಬಿಸಿಬೇಳೆ ಬಾತನ್ನೋ ಮೊಸರನ್ನವನ್ನೋ ಉಂಡು ಮತ್ತೆ ಕೂರುವ ಪದ್ಧತಿ ಈ ಎಲ್ಲ ತಂತ್ರಗಳಿಗಿಂತ ಉತ್ತಮ, ಏಕೆಂದರೆ ಆ ಅರ್ಧ ಗಂಟೆಯಲ್ಲಿ ಸೋಲುತ್ತಿರುವವನ ತಲೆ ತಣ್ಣಗಾಗುತ್ತದೆ.

ಇಂಥ ಮನೆಗಳಲ್ಲಿ ಇನ್ನೊಂದು ಗೊಂದಲವೂ ತಪ್ಪದೆ ಬರುತ್ತದೆ. ದೀಪಾವಳಿಯ ರಾತ್ರಿಗಳಲ್ಲಿ ಮೂರೆಲೆಯ ‘ತೀನ್ ಪತ್ತಿ’ ಆಡಿ ಬಲ್ಲವನು ಪೋಕರಿಗೆ ಕುಳಿತಾಗ, ಅನುಕ್ರಮವಾಗಿ ಬಂದ ಎಲೆಗಳ ಸಾಲು ಒಂದೇ ಬಣ್ಣದ ಎಲೆಗಳಿಗಿಂತ, ಅಂದರೆ ಎಲ್ಲವೂ ಕಳಾವರ್ ಅಥವಾ ಎಲ್ಲವೂ ಆಟೀನ್ ಆಗಿರುವುದಕ್ಕಿಂತ, ದೊಡ್ಡದೆಂದು ನಂಬಿ ಪಣವನ್ನೆಲ್ಲ ಮುಂದಕ್ಕೆ ತಳ್ಳುತ್ತಾನೆ. ಎದುರಿನವನು ಐದು ಆಟೀನ್ ತೋರಿಸಿ ಬಾಚಿಕೊಂಡಾಗ ‘ಇದ್ಯಾವ ಸೀಮೆ ನ್ಯಾಯ ಮಾರಾಯಾ!’ ಎಂದು ಕೂಗುತ್ತಾನೆ. ನ್ಯಾಯ ಲೆಕ್ಕದಲ್ಲಿದೆ. 52 ಎಲೆಗಳಿಂದ ಮೂರನ್ನು ಆರಿಸುವ 22,100 ರೀತಿಗಳಲ್ಲಿ ಸಾಲು ಬರುವುದು 720 ಸಲ, ಒಂದೇ ಬಣ್ಣ ಬರುವುದು 1,096 ಸಲ. ಸಾಲು ಅಪರೂಪವಾದ್ದರಿಂದ ಅಲ್ಲಿ ಅದೇ ಹಿರಿದು. ಐದನ್ನು ಆರಿಸುವ 25,98,960 ರೀತಿಗಳಲ್ಲಿ ಸಾಲುಗಳು 10,200 ಆಗುತ್ತವೆ, ಒಂದೇ ಬಣ್ಣದವು 5,108ಕ್ಕೆ ನಿಲ್ಲುತ್ತವೆ. ಹಾಗಾಗಿ ಇಲ್ಲಿ ಬಣ್ಣ ಹಿರಿದು. ಅಪರೂಪವಾದದ್ದಕ್ಕೆ ಬೆಲೆ ಎಂಬ ಈ ತತ್ತ್ವವನ್ನು ಪೋಕರ್ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ತೀನ್ ಪತ್ತಿ ಮಾತ್ರ ಒಂದು ಕಡೆ ಜಾರುತ್ತದೆ: ಮೂರು ಎಕ್ಕ ಅಥವಾ ಮೂರು ರಾಜರಂಥ ಸಮಾನ ಎಲೆಗಳು 52 ಸಲ ಬಂದರೂ 48 ಸಲ ಮಾತ್ರ ಬರುವ ಒಂದೇ ಬಣ್ಣದ ಸಾಲಿಗಿಂತ ಅವುಗಳನ್ನು ಮೇಲೆ ಕೂರಿಸಿದೆ. ಆತಿಥೇಯ ಇದನ್ನೆಲ್ಲ ವಿವರಿಸುವುದಕ್ಕಿಂತ, ಕೈಗಳ ಶ್ರೇಣಿಯನ್ನು ಒಂದು ರಟ್ಟಿನ ಮೇಲೆ ಬರೆದು ಹೊಸಬನ ಎದುರಿಗೆ ಇಟ್ಟುಬಿಡುವುದು ಕ್ಷೇಮ.

ನಿಯಮಗಳ ವಿಷಯದಲ್ಲಿ ಆತಿಥೇಯನ ಸ್ಥಾನ ವಿಚಿತ್ರವಾದುದು, ಏಕೆಂದರೆ ಅವನು ಆಟಗಾರನೂ ಹೌದು, ನ್ಯಾಯಾಧೀಶನೂ ಹೌದು. ತನ್ನದೇ ಪಾಟಿನ ವಿಚಾರದಲ್ಲಿ ತಾನೇ ತೀರ್ಪು ಕೊಟ್ಟರೆ, ತೀರ್ಪು ಸರಿಯಿದ್ದಾಗಲೂ ಬೇಲಿಯೇ ಹೊಲ ಮೇಯ್ದ ಮಾತು ಮರುದಿನ ಹೊರಡುತ್ತದೆ. ತಾನು ಭಾಗಿಯಾಗಿರುವ ಪಾಟಿನ ತಕರಾರನ್ನು ಆಗಲೇ ಎಲೆ ಬಿಸಾಡಿ ಕುಳಿತಿರುವ ಇಬ್ಬರಿಗೆ ಒಪ್ಪಿಸುವುದು ಅನುಭವಸ್ಥರ ಕ್ರಮ. ಕೆಲವು ಕಟ್ಟಳೆಗಳನ್ನು ಮೊದಲೇ ಹೇಳಿಡಬೇಕು: ಒಂದೇ ಸಲಕ್ಕೆ ಪಣದ ಮೊತ್ತವನ್ನು ಬಾಯಲ್ಲಿ ಹೇಳಬೇಕೇ ವಿನಾ ಬಿಲ್ಲೆಗಳನ್ನು ಕಂತುಕಂತಾಗಿ ಮುಂದಿಟ್ಟು ಎದುರಾಳಿಯ ಮುಖ ನೋಡುತ್ತ ಇನ್ನಷ್ಟು ಸೇರಿಸಬಾರದು, ಎಲೆಯನ್ನು ಒಬ್ಬನಿಗೆ ತೋರಿಸಿದವನು ಎಲ್ಲರಿಗೂ ತೋರಿಸಬೇಕು, ಕೊನೆಯಲ್ಲಿ ಬಾಯಿ ಏನೇ ಹೇಳಿದರೂ ಬಿಚ್ಚಿಟ್ಟ ಎಲೆಗಳೇ ಪ್ರಮಾಣ. ಫೋನನ್ನು ನಿಷೇಧಿಸುವುದು ಇಂದಿನ ದಿನಗಳಲ್ಲಿ ಅಸಾಧ್ಯ, ಸರದಿ ಬಂದಾಗ ಅದು ಕೈಯಲ್ಲಿದ್ದರೆ ಎಲೆ ಸತ್ತಂತೆ ಎಂದು ಗೊತ್ತುಪಡಿಸುವುದು ಸಾಧ್ಯ.

ಸೋತವನೊಡನೆ ನಡೆದುಕೊಳ್ಳುವ ರೀತಿಯ ಬಗೆಗಿನ, ಬರೆಯಲಾಗದ ನಿಯಮವೊಂದು ಇವೆಲ್ಲಕ್ಕಿಂತ ಮುಖ್ಯ. ಎರಡು ಎಕ್ಕಗಳು ಸರಾಸರಿ 221 ಹಂಚಿಕೆಗಳಿಗೊಮ್ಮೆ ಕೈಗೆ ಬರುತ್ತವೆ; ಮನೆಯ ವೇಗದಲ್ಲಿ ಒಂದು ರಾತ್ರಿಗೆ ನೂರರಷ್ಟು ಹಂಚಿಕೆಗಳಾದರೆ ಎರಡು ರಾತ್ರಿ ಕಾದರೂ ಅವು ಬಾರದೆ ಹೋಗಬಹುದು. ಕೊನೆಗೂ ಬಂದು, ಎರಡು ರಾಜರನ್ನು ಹಿಡಿದವನೊಡನೆ ಎಲ್ಲ ಬಿಲ್ಲೆಗಳನ್ನೂ ಮುಂದಿಟ್ಟು ಸ್ಪರ್ಧಿಸಿದಾಗಲೂ ಐದರಲ್ಲಿ ಸುಮಾರು ಒಂದು ಸಲ ಎಕ್ಕಗಳೇ ಸೋಲುತ್ತವೆ. ಇಂಥ ಸೋಲನ್ನು ಪೋಕರಿನವರು ‘ಬ್ಯಾಡ್ ಬೀಟ್’ ಎನ್ನುತ್ತಾರೆ. ಸರಿಯಾಗಿಯೇ ಆಡಿ ಸೋತ ಮನುಷ್ಯ ಆ ಕ್ಷಣದಲ್ಲಿ ತನ್ನ ಕಥೆಯನ್ನು ಒಮ್ಮೆ ಹೇಳಿಕೊಳ್ಳಬಯಸುತ್ತಾನೆ, ಅದಕ್ಕೆ ಅವಕಾಶ ಕೊಡಬೇಕು. ಎರಡನೆಯ ಸಲ ಹೇಳಹೊರಟಾಗ ‘ಎಲೆ ಹಾಕಪ್ಪಾ’ ಎನ್ನಬೇಕು. ಅವನಿಗೆ ಸಂಭವನೀಯತೆಯ ಪಾಠ ಹೇಳುವವನನ್ನೂ, ನೀನು ಹಾಗೆ ಆಡಬಾರದಿತ್ತು ಎಂದು ತಿದ್ದುವವನನ್ನೂ ಅಲ್ಲಿಯೇ ತಡೆಯುವುದು ಆತಿಥೇಯನ ಕರ್ತವ್ಯ. ಕ್ಯಾಸಿನೊದಲ್ಲಿ ಅಂಥ ಉಪದೇಶ ಕೇವಲ ಒರಟುತನ. ಮನೆಯಲ್ಲಿ ಇದೇ ಮಾತಿನಿಂದ ಒಂದು ಕುರ್ಚಿ ಖಾಲಿಯಾಗುತ್ತದೆ.

ಕಾನೂನು ಕೂಡ, ಆಶ್ಚರ್ಯವೆಂಬಂತೆ, ಒಳ್ಳೆಯ ಆತಿಥೇಯನ ಲಕ್ಷಣಗಳನ್ನೇ ಬೇರೆ ಭಾಷೆಯಲ್ಲಿ ಹೇಳುತ್ತದೆ. ಜೂಜನ್ನು ಅಪರಾಧವೆನ್ನುವ ಟೆಕ್ಸಸ್ ದಂಡಸಂಹಿತೆಯ 47.02ನೆಯ ಕಲಮು, ಆಟ ಖಾಸಗಿ ಸ್ಥಳದಲ್ಲಿ ನಡೆದಿದ್ದರೆ, ತನ್ನ ಸ್ವಂತ ಗೆಲುವನ್ನು ಬಿಟ್ಟು ಬೇರೆ ಆರ್ಥಿಕ ಲಾಭ ಯಾರಿಗೂ ಆಗಿರದಿದ್ದರೆ, ಮತ್ತು ಕೌಶಲ ಅದೃಷ್ಟಗಳನ್ನು ಬಿಟ್ಟರೆ ಎಲ್ಲರಿಗೂ ಸೋಲು ಗೆಲುವಿನ ಅವಕಾಶ ಸಮನಾಗಿದ್ದರೆ ಅದನ್ನೇ ಪ್ರತಿವಾದವಾಗಿ ಒಪ್ಪಿಕೊಳ್ಳುತ್ತದೆ. ಪ್ರತಿ ಪಾಟಿನಿಂದ ಮನೆಯವನು ಕತ್ತರಿಸಿಕೊಳ್ಳುವ ಪಾಲಿಗೆ ‘ರೇಕ್’ ಎಂದು ಹೆಸರು. ಪಿಜ್ಜಾದ ಖರ್ಚಿಗೆಂದು ಕತ್ತರಿಸಿದರೂ ಆಟದ ಸ್ವರೂಪವೇ ಬದಲಾಗುವುದರಿಂದ ತಿಂಡಿಯ ಹಣವನ್ನು ಪಾಟಿನಿಂದ ದೂರವಿಟ್ಟು, ಸರದಿಯ ಮೇಲೆ ಒಬ್ಬೊಬ್ಬರು ಏನಾದರೂ ತರುವುದು ಜಾಣತನ. ಭಾರತದಲ್ಲಿಯೂ ಚರ್ಚೆ ಇದೇ ಸುಳಿಯಲ್ಲಿ ಸುತ್ತಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು, ಮೂರೆಲೆಯ ಆಟವನ್ನು ಬರಿಯ ಅದೃಷ್ಟದ್ದೆಂದಿತು, ಕ್ಲಬ್ಬು ವಸೂಲು ಮಾಡುತ್ತಿದ್ದ ಅಲ್ಪ ಶುಲ್ಕದಿಂದಷ್ಟೇ ಅದು ಜೂಜುಕಟ್ಟೆಯಾಗದೆಂದಿತು. ಪೋಕರ್ ಯಾವ ಕಡೆಗೆ ಸೇರುತ್ತದೆಂಬ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಒಮ್ಮತವಿಲ್ಲ: ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡವೆಂಬ ದನಿಯಲ್ಲಿ ಕರ್ನಾಟಕದ ನ್ಯಾಯಾಲಯ 2013ರಲ್ಲಿ ಮಾತಾಡಿದರೆ, ಗುಜರಾತಿನದು 2017ರಲ್ಲಿ ಅದನ್ನು ಜೂಜೆಂದೇ ಪರಿಗಣಿಸಿತು. ಹಣ ಕಟ್ಟುವ ಅಂತರಜಾಲದ ಆಟಗಳನ್ನು 2025ರ ಕೇಂದ್ರ ಕಾಯಿದೆ ಕೌಶಲ ಅದೃಷ್ಟಗಳ ಭೇದವನ್ನೇ ಎಣಿಸದೆ ನಿಷೇಧಿಸಿದೆ. ಆದ್ದರಿಂದ ಬೆಂಗಳೂರಿನಲ್ಲಿ ಗೆಳೆಯರನ್ನು ಕರೆದು ಈ ಆಟ ಕಲಿಸಹೊರಟವರು ಬಿಲ್ಲೆಗಳನ್ನು ಬಿಲ್ಲೆಗಳಾಗಿಯೇ ಇಟ್ಟುಕೊಂಡು, ಸೋತವನು ಮುಂದಿನ ಸಲ ಎಲ್ಲರಿಗೂ ಮಸಾಲೆದೋಸೆ ಕೊಡಿಸುವ ಷರತ್ತಿನಲ್ಲಿ ತೃಪ್ತರಾಗುವುದು ಲೇಸು.

ಆಟ ಮುಗಿಸುವ ಹೊತ್ತನ್ನು ಆರಂಭದಲ್ಲೇ ಸಾರಬೇಕು, ಏಕೆಂದರೆ ರಾತ್ರಿ ಕಳೆದಂತೆ ‘ಇನ್ನೊಂದೇ ಸುತ್ತು’ ಎಂದು ಬೇಡುವವನು ಯಾವಾಗಲೂ ಸೋತವನೇ, ಮತ್ತು ಆ ಸುತ್ತಿನಲ್ಲಿ ಅವನು ಕಳೆದದ್ದನ್ನು ಮರಳಿ ಪಡೆಯುವುದಕ್ಕಿಂತ ಇನ್ನಷ್ಟು ಕಳೆಯುವುದೇ ಹೆಚ್ಚು. ಹನ್ನೊಂದು ಗಂಟೆಗೆ ಕೊನೆಯ ಸುತ್ತೆಂದು ಘೋಷಿಸಿ, ಹಂಚುವ ಸರದಿಯನ್ನು ಸೂಚಿಸುವ ‘ಡೀಲರ್ ಬಟನ್’ ಎಂಬ ಬಿಳಿ ಬಿಲ್ಲೆ ಒಂದು ಪೂರ್ತಿ ಪ್ರದಕ್ಷಿಣೆ ಬಂದು ಮೊದಲಿನವನನ್ನು ತಲಪಿದೊಡನೆ ನಿಲ್ಲಿಸಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ, ಗೆದ್ದವನು ಬೇಗ ಎದ್ದುಹೋದನೆಂಬ ಅಪವಾದವೂ ಉಳಿಯುವುದಿಲ್ಲ. ಲೆಕ್ಕವನ್ನು ಒಬ್ಬನೇ ಬರೆಯಬೇಕು: ಯಾರು ಎಷ್ಟು ಕೊಂಡರು, ಎಷ್ಟು ಹಿಂದಿರುಗಿಸಿದರು. ಎರಡು ಕಂಬಸಾಲುಗಳ ಮೊತ್ತ ಒಂದಾಗದೆ ಹೋದಾಗ ನೆಲದ ಮೇಲೆ ಬಗ್ಗಿ ಸೋಫಾದ ಅಡಿ ಹುಡುಕುವ ದೃಶ್ಯ ತಪ್ಪಿದ್ದಲ್ಲ, ಐದು ಡಾಲರಿನ ಬಿಲ್ಲೆಯೊಂದು ಅಲ್ಲಿಂದ ಹೊರಬರುವುದೂ ಅಪರೂಪವಲ್ಲ. ಸಿಕ್ಕದಿದ್ದರೆ ಆ ವ್ಯತ್ಯಾಸವನ್ನು ಆತಿಥೇಯ ಮಾತಿಲ್ಲದೆ ತಾನೇ ತುಂಬುತ್ತಾನೆ. ಸಾಲವನ್ನು ಮುಂದಿನ ವಾರಕ್ಕೆ ಒಯ್ಯುವ ಸಂಪ್ರದಾಯ ಗೆಳೆತನಕ್ಕೆ ವಿಷ, ಅಂದಿನದು ಅಂದೇ ತೀರಬೇಕು.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದು ಸೋಲುವವನಿಂದ ಬರುವುದಲ್ಲ, ಸದಾ ಗೆಲ್ಲುವವನಿಂದ. ಪುಸ್ತಕಗಳನ್ನೋದಿ, ಗಣಕದಲ್ಲಿ ಅಭ್ಯಾಸ ಮಾಡಿ ಬರುವ ಒಬ್ಬ ಆಟಗಾರ ಮಾತಿಲ್ಲದೆ ಕುಳಿತು, ಹತ್ತರಲ್ಲಿ ಎಂಟು ಹಂಚಿಕೆಗಳನ್ನು ಬಿಸಾಡಿ, ಉಳಿದ ಎರಡರಲ್ಲಿ ಗೆಳೆಯರ ಹಣವನ್ನು ವಾರವಾರವೂ ಒಯ್ಯುತ್ತಿದ್ದರೆ ನಿಯಮದ ಪ್ರಕಾರ ಅವನದೇನೂ ತಪ್ಪಿಲ್ಲ. ಆದರೆ ಆರು ತಿಂಗಳಲ್ಲಿ ಆ ಮೇಜು ಒಡೆಯುವುದು ಖಂಡಿತ. ಅವನನ್ನು ಕರೆಯದೆ ಬಿಡುವುದು ಸುಲಭವಾದರೂ ಅಸಭ್ಯ. ಹಳಬರು ಇದಕ್ಕೆ ಬಳಸುತ್ತಿದ್ದ ಉಪಾಯವೆಂದರೆ ‘ಡೀಲರ್ಸ್ ಚಾಯ್ಸ್’: ಹಂಚುವವನು ಆ ಸುತ್ತಿಗೆ ಯಾವ ಪ್ರಕಾರವೆಂದು ತಾನೇ ಆರಿಸುವ ಈ ಪದ್ಧತಿಯಲ್ಲಿ ಒಮ್ಮೆ ಏಳೆಲೆಯ ಸ್ಟಡ್, ಒಮ್ಮೆ ನಾಲ್ಕೆಲೆಯ ಒಮಾಹಾ, ಒಮ್ಮೆ ಮೂರು ಮತ್ತು ಒಂಬತ್ತರ ಎಲೆಗಳು ಬೇಕಾದ ವೇಷ ಹಾಕುವ ‘ಬೇಸ್‌ಬಾಲ್’ ಎಂಬ ಹುಚ್ಚಾಟ ಹೀಗೆ ಬದಲಾಗುತ್ತ ಹೋಗುವುದರಿಂದ, ಒಂದೇ ಪ್ರಕಾರವನ್ನು ಅರೆದು ಕುಡಿದವನ ಅನುಕೂಲ ಕರಗಿ ಅದೃಷ್ಟಕ್ಕೆ ತುಸು ಜಾಗ ಸಿಗುತ್ತದೆ. ಶುದ್ಧ ಆಟದ ಪಕ್ಷಪಾತಿಗಳು ಇದನ್ನು ಹಗುರವಾಗಿ ಕಾಣುತ್ತಾರೆ. ದೀರ್ಘಕಾಲ ನಡೆದ ಮನೆಯಾಟಗಳಲ್ಲಿ ಮಾತ್ರ ಇಂಥ ಒಂದೆರಡು ಹುಚ್ಚಾಟಗಳು ಇದ್ದೇ ಇರುತ್ತವೆ. ಮುಂದಿನ ಆಟದ ಕರೆಯನ್ನು ಕಳಿಸುವಾಗ ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದೂ ಅಂಥ ಮನೆಗಳಲ್ಲಿ ಇತ್ಯರ್ಥವಾಗಿರುತ್ತದೆ: ಕಳೆದ ಸಲ ಹೆಚ್ಚು ಕಳೆದುಕೊಂಡವನಿಗೆ ಮೊದಲು ಫೋನು, ಅವನಿಗೆ ಯಾವ ದಿನ ಅನುಕೂಲವೋ ಆ ದಿನವೇ ಆಟ.